ಬ್ರಿಗೇಡ್ ರಸ್ತೆಯ ಸಂಜೆಗಳು ಕಳೆಗುಂದಿವೆಯೇ?

ಚಾಮರಾಜಪೇಟೆಯವನು
ಕಳೆದ ಶನಿವಾರ ಸಂಜೆ ಮಗಳೊಂದಿಗೆ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಹೋಗಿದ್ದೆ. ಆ ಕಡೆ ಕಾಲಿಟ್ಟು ನಾಲ್ಕು ವರ್ಷಗಳಾಗಿದ್ದವು. ಕಾವೇರಿ ಎಂಪೋರಿಯಂ ಮೂಲೆಯಿಂದ ಒಳಗೆ ನಡೆದೆವು. ರೆಕ್ಸ್ ಇದ್ದ ಕಡೆ ನಾನು ತಾನಾಗಿಯೇ ನಿಂತುಬಿಟ್ಟೆ. ಅಲ್ಲೊಂದು ಚಿತ್ರಮಂದಿರ ಇತ್ತೆಂದು ಮಗಳಿಗೆ ಹೇಳಬೇಕಾಯಿತು. ಮುಂದೆ ಎರಡು ಕಡೆ ಎಳೆದ ಶಟರ್ ಮೇಲೆ ‘ಬಾಡಿಗೆಗೆ ಇದೆ’ ಎಂಬ ಫಲಕ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವಳು, “ಇಲ್ಲಿ ಇನ್ನೇನು ನೋಡುವುದಿದೆ ಅಪ್ಪ? ಇಂದಿರಾನಗರಕ್ಕೆ ಹೋಗೋಣ” ಎಂದಳು.

1989ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಣ್ಣ ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದಿದ್ದ. ನಮ್ಮ ಮನೆಯಲ್ಲಿ ಆಗ ಅದಕ್ಕೆ ‘ದಂಡಿನ (ಕಂಟೋನ್ಮೆಂಟ್) ಕಡೆ ಹೋಗುವುದು’ ಎನ್ನುತ್ತಿದ್ದರು. ಒಂದೊಂದು ಐಸ್‌ಕ್ರೀಂ ಕೋನ್ ಹಿಡಿದು ಆ ರಸ್ತೆಯಲ್ಲಿ ಮೂರು ಸಲ ಮೇಲೆ ಕೆಳಗೆ ನಡೆದೆವು. ಗಾಜಿನ ಕಿಟಕಿಯಾಚೆಯ ಬೂಟುಗಳನ್ನು ನೋಡಿದೆವು, ಪಬ್ಬಿನ ಬಾಗಿಲು ತೆರೆದಾಗಲೆಲ್ಲ ಹೊರಗೆ ನುಗ್ಗುತ್ತಿದ್ದ ಹಾಡು ಕೇಳಿದೆವು, ಕೊನೆಯ ಬಸ್ ಹಿಡಿದು ಮನೆಗೆ ಬಂದೆವು. ಬೇರೇನನ್ನೂ ಕೊಳ್ಳಲಿಲ್ಲ. ಆದರೂ ವಾರವಿಡೀ ಅದೇ ಮಾತು.

ನನಗೆ ವಯಸ್ಸಾಗಿದ್ದರಿಂದ ಹೀಗೆ ಅನ್ನಿಸುತ್ತಿದೆಯೋ ಅಥವಾ ಆ ರಸ್ತೆಗೇ ಏನಾದರೂ ಆಗಿದೆಯೋ? ಅಲ್ಲಿ ಕೆಲಸ ಮಾಡುವವರು, ಈಗಲೂ ಹೋಗುವವರು ಹೇಳಿ.

ಶಾಂತಿನಗರ_ನಿವಾಸಿ
ರಸ್ತೆಗೆ ಏನೂ ಆಗಿಲ್ಲ ಸರ್. ಡಿಸೆಂಬರ್ 31ರ ರಾತ್ರಿ ಬಂದು ನೋಡಿ, ನೆಲ ಕಾಣಿಸುವುದಿಲ್ಲ.

ಪುಸ್ತಕದ_ಹುಳ
ವರ್ಷಕ್ಕೆ ಒಂದು ರಾತ್ರಿ ತುಂಬುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಉಳಿದ 364 ದಿನಗಳ ಮಾತನಾಡೋಣ.

ಚಾಮರಾಜಪೇಟೆಯವರೇ, ನೀವು ತಪ್ಪು ರಸ್ತೆಯಲ್ಲಿ ನಡೆದಿರಿ. ಬಲಕ್ಕೆ ತಿರುಗಬೇಕಿತ್ತು. ಜೀವ ಇರುವುದು ಈಗ ಚರ್ಚ್ ಸ್ಟ್ರೀಟ್‌ನಲ್ಲಿ. 2018ರಲ್ಲಿ ಅದಕ್ಕೆ ಕಲ್ಲು ಹಾಸಿ, ಪಾದಚಾರಿ ಮಾರ್ಗ ಅಗಲಿಸಿದ ಮೇಲೆ ಆ ಬೀದಿಯ ಹಣೆಬರಹವೇ ಬದಲಾಯಿತು. ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳೆರಡೂ ಅಲ್ಲಿವೆ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಅಲ್ಲಿಗೇ ಬಂತು. ಶನಿವಾರ ಸಂಜೆ ಆರರ ನಂತರ ಪುಸ್ತಕದಂಗಡಿಯೊಳಗೆ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಷ್ಟು ಜನ.

ಅದೇ 2009ರಲ್ಲಿ ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಮುಚ್ಚಿದಾಗ ಇನ್ನು ಈ ಕಡೆ ಬರಲು ಕಾರಣವಿಲ್ಲ ಎಂದು ನಾನೇ ಹೇಳಿದ್ದೆ. ಬರುವುದು ನಿಲ್ಲಲಿಲ್ಲ.

ಚಾಮರಾಜಪೇಟೆಯವನು
ಪ್ರೀಮಿಯರ್! ಗೋಪುರದಂತೆ ಪೇರಿಸಿಟ್ಟ ಪುಸ್ತಕಗಳ ನಡುವಿನಿಂದ ನಮಗೆ ಬೇಕಾದದ್ದನ್ನು ಶಾನಭಾಗರು ಒಂದೇ ಸಲಕ್ಕೆ ಎಳೆದು ಕೊಡುತ್ತಿದ್ದರು. ಒಂದೂ ಬೀಳುತ್ತಿರಲಿಲ್ಲ.

ರಾತ್ರಿಪಾಳಿ
ಈ ಪ್ರಶ್ನೆಗೆ ನಾನು ಉತ್ತರಿಸಬಹುದು. ಕುಂದಾಪುರದ ಕಡೆಯವನು. ಹದಿನೇಳು ವರ್ಷಗಳಿಂದ ಈ ಭಾಗದ ಬಾರ್‌ಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲು ಟೇಬಲ್ ಒರೆಸುತ್ತಿದ್ದೆ, ಈಗ ಕ್ಯಾಪ್ಟನ್, ಅಂದರೆ ಬಡಿಸುವ ಹುಡುಗರ ಮೇಲ್ವಿಚಾರಕ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 2017ರ ಜುಲೈ 1ರಂದು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂಬ ಸುಪ್ರೀಂ ಕೋರ್ಟ್ ಆದೇಶ ಇಲ್ಲಿಗೂ ತಗುಲಿತು, ಏಕೆಂದರೆ ಕಾಗದದ ಮೇಲೆ ಮಹಾತ್ಮ ಗಾಂಧಿ ರಸ್ತೆಯೂ ಹೆದ್ದಾರಿಯ ಭಾಗವಾಗಿತ್ತು. ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಯ ಬಾರ್‌ಗಳು ಒಂದೇ ದಿನ ಬಾಗಿಲು ಹಾಕಿದವು. ನಮ್ಮಲ್ಲಿ ಇಪ್ಪತ್ತೆರಡು ಹುಡುಗರಿದ್ದೆವು. ಒಂಬತ್ತು ಮಂದಿ ಊರಿಗೆ ಹೋದರು. ಕೆಲವು ತಿಂಗಳ ನಂತರ ಬಾಗಿಲು ತೆರೆದಾಗ ಮರಳಿ ಬಂದವರು ನಾಲ್ವರು. ಗಿರಾಕಿಗಳೂ ಹಾಗೆಯೇ. ಒಮ್ಮೆ ಬೇರೆ ಕಡೆ ರೂಢಿಯಾದವರನ್ನು ಕರೆತರುವುದು ಕಷ್ಟ. ಆಮೇಲೆ ಕೊರೊನಾ ಬಂತು, ಅದನ್ನು ವಿವರಿಸಬೇಕಾಗಿಲ್ಲ.

ಈಗಿನ ತೊಂದರೆ ಬೇರೆ. 2024ರಲ್ಲಿ ಸರ್ಕಾರ ರಾತ್ರಿ ಒಂದು ಗಂಟೆಯವರೆಗೆ ತೆರೆದಿರಲು ಅನುಮತಿ ಕೊಟ್ಟಿತು. ಎಲ್ಲರೂ ಸಂತೋಷಪಟ್ಟರು. ಆದರೆ ಮೆಟ್ರೊ ಹನ್ನೊಂದರ ಹೊತ್ತಿಗೆ ನಿಲ್ಲುತ್ತದೆ. ನಮ್ಮ ಬಾರಿನಲ್ಲಿ ದಿನವೂ ಕಾಣುವ ದೃಶ್ಯ ಇದು: ಹತ್ತೂಕಾಲರ ಸುಮಾರಿಗೆ ಒಬ್ಬರು ಮೊಬೈಲ್ ತೆಗೆದು ಗಂಟೆ ನೋಡುತ್ತಾರೆ. ಪಕ್ಕದವರಿಗೆ ತೋರಿಸುತ್ತಾರೆ. ಐದು ನಿಮಿಷದಲ್ಲಿ ಆರೇಳು ಟೇಬಲ್‌ಗಳಿಂದ ಬಿಲ್ ಬಿಲ್ ಎಂದು ಕೈ ಮೇಲೇಳುತ್ತದೆ. ಹತ್ತೂಮುಕ್ಕಾಲಿಗೆ ಅರ್ಧ ಹಾಲ್ ಖಾಲಿ. ಮುಂದಿನ ಎರಡು ಗಂಟೆ ಕಾಲ ಹತ್ತು ಜನರಿಗಾಗಿ ದೀಪ, ಏಸಿ, ಹಾಡು, ಅಡುಗೆಯವರು, ಬಾಗಿಲ ಬಳಿ ಬೌನ್ಸರ್. ಮಾಲೀಕರ ಕೈಯಲ್ಲಿ ಏನು ಉಳಿಯಬೇಕು?

ರಸ್ತೆಯ ಆಕರ್ಷಣೆ ಹೋಗಿದೆ ಎಂದು ನಾನು ಒಪ್ಪುವುದಿಲ್ಲ. ಜನರಿಗೆ ಇರಲು ಆಸೆ ಇದೆ, ಮನೆಗೆ ಹೋಗಲು ದಾರಿ ಇಲ್ಲ.

ಹಳದಿಹಸಿರು
ಆಟೊ ಓಡಿಸುವವನ ಮಾತನ್ನೂ ಕೇಳಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮೀಟರ್ ಮೇಲೆ ಒಂದೂವರೆ ಪಟ್ಟು. ಅದು ನಿಯಮ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಅಲ್ಲಿಂದ ಯಲಹಂಕದಂಥ ದೂರಕ್ಕೆ ರಾತ್ರಿ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಕುಡಿದದ್ದಕ್ಕಿಂತ ಹೆಚ್ಚಾಯಿತು ಎಂದು ನಮ್ಮ ಮೇಲೆ ರೇಗುತ್ತಾರೆ. ಹಿಂದಿರುಗುವಾಗ ನಾನು ಖಾಲಿ ಬರಬೇಕು, ಅದನ್ನು ಯಾರೂ ಎಣಿಸುವುದಿಲ್ಲ.

ಇನ್ನೊಂದು ವಿಷಯ. ಮೆಟ್ರೊ ಕಾಮಗಾರಿಗೆಂದು ಕಾಮರಾಜ ರಸ್ತೆಯನ್ನು 2019ರ ಜೂನ್‌ನಲ್ಲಿ ಮುಚ್ಚಿದರು. ಒಂದು ಬದಿಯಾದರೂ ತೆರೆಯಲು 2024 ಆಗಬೇಕಾಯಿತು. ಐದು ವರ್ಷ ಆ ಮೂಲೆಯಲ್ಲಿ ವಾಹನಗಳು ಸುತ್ತಿದ್ದೇ ಸುತ್ತಿದ್ದು. ಶಿವಾಜಿನಗರದ ಕಡೆಯಿಂದ ಬರುತ್ತಿದ್ದ ಎಷ್ಟು ಜನರಿಗೆ ಈ ಕಡೆ ಬರುವ ಅಭ್ಯಾಸವೇ ತಪ್ಪಿತೋ.

ಗಾಜಿನ_ಕಿಟಕಿ
ಬ್ರಿಗೇಡ್ ರಸ್ತೆಯಲ್ಲಿ ತಂದೆಯವರ ಕಾಲದ ಬಟ್ಟೆ ಅಂಗಡಿ ನಮ್ಮದು. ಮಾತು ಬರೀ ಬಾರ್‌ಗಳ ಸುತ್ತ ತಿರುಗುತ್ತಿದೆ, ಆದ್ದರಿಂದ ಹೇಳುತ್ತೇನೆ. ಈ ಬೀದಿಯನ್ನು ನಿಲ್ಲಿಸಿದ್ದು ಪಬ್ಬುಗಳಲ್ಲ, ಚಿತ್ರಮಂದಿರಗಳು. ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ, ಲಿಡೊ, ಸಿಂಫನಿ. ಸಂಜೆಯ ಆಟ ಬಿಟ್ಟೊಡನೆ ಜನ ಬೀದಿಗೆ ಸುರಿಯುತ್ತಿದ್ದರು. ಆ ಹದಿನೈದು ನಿಮಿಷದಲ್ಲಿ ಅಪ್ಪ ಅರ್ಧ ದಿನದ ವ್ಯಾಪಾರ ಮಾಡುತ್ತಿದ್ದರು. ಆಟ ಬಿಡುವ ಹೊತ್ತು ಅವರಿಗೆ ಬಾಯಿಪಾಠ, ಐದು ನಿಮಿಷ ಮುಂಚೆ ಕಿಟಕಿಯ ದೀಪ ಹಚ್ಚುತ್ತಿದ್ದರು.

ಪ್ಲಾಜಾ 1936ರದ್ದು, ಮೆಟ್ರೊಗಾಗಿ ಕೆಡವಿದರು. ರೆಕ್ಸ್ 2018ರ ಕೊನೆಗೆ ಮುಚ್ಚಿತು. 2004ರಲ್ಲಿ ಕೋರಮಂಗಲದ ಕಡೆ ಫೋರಂ ಮಾಲ್ ಬಂದಾಗಲೇ ಅಪ್ಪ, “ಇನ್ನು ಜನ ಸಿನಿಮಾ ನೋಡಿ ಅಲ್ಲೇ ಬಟ್ಟೆ ಕೊಂಡು ಅಲ್ಲೇ ಉಂಡು ಹೋಗುತ್ತಾರೆ” ಎಂದಿದ್ದರು. ಹಾಗೆಯೇ ಆಯಿತು. ಈಗ ಹುಡುಗರು ಅಂಗಡಿಗೆ ಬಂದು ಅಂಗಿ ಹಾಕಿ ನೋಡಿ, ಅಳತೆ ತಿಳಿದುಕೊಂಡು, ನನ್ನ ಕಣ್ಣೆದುರೇ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ. ಅದು ನೋವಿನ ಸಂಗತಿ.

ಬಸವನಗುಡಿ_ಪರಿಷೆ
ಇತಿಹಾಸದ ಎರಡು ಮಾತು. ದಂಡು ಹುಟ್ಟಿದ್ದು 1809ರಲ್ಲಿ, ಬ್ರಿಟಿಷ್ ಸೈನ್ಯಕ್ಕಾಗಿ. ಮಹಾತ್ಮ ಗಾಂಧಿ ರಸ್ತೆಯ ಹಳೆಯ ಹೆಸರು ಸೌತ್ ಪರೇಡ್. 1948ರಲ್ಲಿ ಹೆಸರು ಬದಲಾಯಿತು. ಅಲ್ಲಿನ ಅಂಗಡಿ, ಕ್ಲಬ್, ಚಿತ್ರಮಂದಿರ ಎಲ್ಲವೂ ಮೊದಲು ಸೈನಿಕರ, ಅಧಿಕಾರಿಗಳ ಬಿಡುವಿಗಾಗಿ ಇದ್ದವು. ಪೇಟೆಯ ನಮ್ಮವರಿಗೆ ಅದು ಬಹಳ ಕಾಲ ಪರ ಊರು.

ಆದ್ದರಿಂದ ಹಳೆಯ ವೈಭವವನ್ನು ಹಾಡಿಹೊಗಳುವಾಗ ನನಗೆ ಒಂದು ವಿಷಯ ನೆನಪಾಗುತ್ತದೆ. ಎಂಬತ್ತರ ದಶಕದಲ್ಲಿ ಅಮ್ಮನ ಜೊತೆ ಅಲ್ಲಿನ ಒಂದು ಅಂಗಡಿಗೆ ಹೋಗಿದ್ದೆ. ಅಮ್ಮ ಕನ್ನಡದಲ್ಲಿ ಬೆಲೆ ಕೇಳಿದರು. ಎದುರಿಗಿದ್ದವನು ಕೇಳಿಸಿಯೂ ಕೇಳಿಸದವನಂತೆ ಪಕ್ಕದವರ ಕಡೆ ತಿರುಗಿದ. ಅಮ್ಮ ಸೀರೆಯ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ಮತ್ತೆ ಆ ಬೀದಿಗೆ ಬರಲೇ ಇಲ್ಲ. ಈಗ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ಕಾನೂನಿದೆ, ಅಂಗಡಿಗಳಲ್ಲಿ ಕನ್ನಡ ಕೇಳುತ್ತದೆ. ನನ್ನ ಮಟ್ಟಿಗೆ ಆ ರಸ್ತೆ ಹಿಂದಿಗಿಂತ ಈಗ ಹೆಚ್ಚು ನಮ್ಮದು.

ಗಾಜಿನ_ಕಿಟಕಿ
ಆ ಕಾಲದಲ್ಲಿ ಅಂಥವರು ಇದ್ದರು, ಇಲ್ಲವೆನ್ನುವುದಿಲ್ಲ. ನಿಮ್ಮ ತಾಯಿಯವರಿಗೆ ಹಾಗಾದದ್ದಕ್ಕೆ ನಿಜವಾಗಿ ಬೇಸರವಾಯಿತು.

ಹಣದ_ಹೊಳೆ
ಎಲ್ಲರೂ ಹಳೆಯದನ್ನೇ ನೆನೆಸಿಕೊಳ್ಳುತ್ತಿದ್ದೀರಿ. ಪರಿಹಾರ ಹೇಳುತ್ತೇನೆ. ಈ ವಲಯದಲ್ಲಿ ನಾಲ್ಕು ಕ್ಯಾಸಿನೊಗಳಿಗೆ ಪರವಾನಗಿ ಕೊಡಿ. ಪ್ರತಿ ವಾರಾಂತ್ಯ ಬೆಂಗಳೂರಿನಿಂದ ಗೋವಾಕ್ಕೆ ಹೋಗುವ ಬಸ್ಸು, ವಿಮಾನಗಳಲ್ಲಿ ಮಾಂಡೋವಿ ನದಿಯ ಹಡಗುಗಳಿಗಾಗಿಯೇ ಹೋಗುವವರು ಎಷ್ಟು ಜನ! ಆ ಹಣ ನಮ್ಮಲ್ಲೇ ಉಳಿಯಲಿ. ಲಾಸ್ ವೇಗಸ್ ಮರಳುಗಾಡಿನಲ್ಲಿ ನಗರ ಕಟ್ಟಿತು, ನಮ್ಮ ಬಳಿ ಹವೆಯೂ ಇದೆ, ಜನರೂ ಇದ್ದಾರೆ.

ತುಮಕೂರು_ರಸ್ತೆ
ದಯವಿಟ್ಟು ಬೇಡ.

ನಮ್ಮ ಚಿಕ್ಕಪ್ಪ ಒಂದಂಕಿ ಲಾಟರಿಯಲ್ಲಿ ಮನೆಮಠ ಕಳೆದುಕೊಂಡರು. ಮೊದಲು ಕೂಲಿಯ ದುಡ್ಡು, ಆಮೇಲೆ ಚಿಕ್ಕಮ್ಮನ ಓಲೆ, ಕೊನೆಗೆ ಅರ್ಧ ಎಕರೆ ಹೊಲ. ಸಂಜೆ ಫಲಿತಾಂಶದ ಹೊತ್ತಿಗೆ ಅಂಗಡಿಯ ಮುಂದೆ ನಿಂತಿರುತ್ತಿದ್ದರು, ನಾನು ಊಟಕ್ಕೆ ಕರೆಯಲು ಹೋಗುತ್ತಿದ್ದೆ. ಕೈಯಲ್ಲಿನ ಚೀಟಿಯನ್ನು ನಾಲ್ಕಾಗಿ ಮಡಿಸಿ ಮತ್ತೆ ಬಿಡಿಸುತ್ತಿದ್ದರು, ಮಡಿಸುತ್ತಿದ್ದರು. ಮಡಿಕೆ ಸವೆದು ಹರಿಯುವವರೆಗೆ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಾಗ ಚಿಕ್ಕಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ತಡವಾಗಿತ್ತು, ಆದರೂ ಹಚ್ಚಿದರು.

ಗೋವಾ ಎಂದಿರಿ. ಅದೇ ಗೋವಾ ಸರ್ಕಾರ 2020ರ ಫೆಬ್ರುವರಿಯಿಂದ ಗೋವಾದ ನಿವಾಸಿಗಳು ಕ್ಯಾಸಿನೊ ಒಳಗೆ ಆಡುವಂತಿಲ್ಲ ಎಂದು ನಿಷೇಧ ಹಾಕಿದೆ. ತನ್ನ ಮನೆಯ ಮಕ್ಕಳಿಗೆ ಬಡಿಸದ ಅಡುಗೆ ಅದು.

ಹಣದ_ಹೊಳೆ
ನಿಮ್ಮ ಚಿಕ್ಕಪ್ಪನವರ ವಿಷಯ ಓದಿ ಸಂಕಟವಾಯಿತು. ಆದರೆ ನಗರದ ನಡುವೆ ರೇಸ್ ಕೋರ್ಸ್‌ನಲ್ಲಿ ಕುದುರೆಗಳ ಮೇಲೆ ಬಾಜಿ ಕಟ್ಟಲು ಕಾನೂನೇ ಅವಕಾಶ ಕೊಟ್ಟಿದೆಯಲ್ಲ? ಅದು ಸರಿ, ಇದು ತಪ್ಪು ಹೇಗೆ? ಮುಚ್ಚಿಟ್ಟರೆ ಜೂಜು ನಿಲ್ಲುವುದಿಲ್ಲ, ಹಿಂಬಾಗಿಲಿಗೆ ಹೋಗುತ್ತದೆ.

ತುಮಕೂರು_ರಸ್ತೆ
ಒಂದು ತಪ್ಪು ಇದೆ ಎಂದು ನಾಲ್ಕು ಮಾಡಬೇಕೇ? 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ತಂದಿತು. ಆಡಿ ಸಾಲಕ್ಕೆ ಸಿಕ್ಕ ಮನೆಗಳನ್ನು ಹೊರಗಿನವರು ನೋಡುವುದಿಲ್ಲ, ನಾವು ನೋಡಿದ್ದೇವೆ.

ದೂರದೇಶದಿಂದ
ನೆವಾಡಾದಲ್ಲಿ ಆರು ವರ್ಷ ಇದ್ದೆ, ಈಗ ಜೆ.ಪಿ. ನಗರದಲ್ಲಿದ್ದೇನೆ. ವೇಗಸ್ ಹೆಸರು ಬಂದದ್ದರಿಂದ ಹೇಳುತ್ತೇನೆ. ನೆವಾಡಾ 1931ರಲ್ಲಿ ಜೂಜನ್ನು ಕಾನೂನುಬದ್ಧ ಮಾಡಿತು. ಆ ನಗರಕ್ಕೆ ಹೆಸರು ಬಂದದ್ದು ಬರೀ ಜೂಜಿನಿಂದಲ್ಲ, ಅಗ್ಗದ ಕೋಣೆ, ಅಗ್ಗದ ಊಟ, ಪುಕ್ಕಟೆ ಪಾರ್ಕಿಂಗ್. ಕೈಯಲ್ಲಿ ಹೆಚ್ಚು ಹಣವಿಲ್ಲದವರೂ ಎರಡು ದಿನ ರಾಜರಂತೆ ಇದ್ದು ಹೋಗಬಹುದಿತ್ತು. ಜೂಜಿನ ಗಳಿಕೆ ಉಳಿದದ್ದನ್ನು ಸರಿದೂಗಿಸುತ್ತಿತ್ತು.

ಆಮೇಲೆ ಒಂದೊಂದಕ್ಕೂ ಬೆಲೆ ಕಟ್ಟತೊಡಗಿದರು. ಕೋಣೆಯ ಬಾಡಿಗೆಯ ಮೇಲೆ ಪ್ರತಿದಿನ ‘ರೆಸಾರ್ಟ್ ಶುಲ್ಕ’. 2016ರಿಂದ ಅಲ್ಲಿನ ಮುಖ್ಯ ಬೀದಿಯ ದೊಡ್ಡ ಹೋಟೆಲುಗಳಲ್ಲಿ ಪಾರ್ಕಿಂಗ್‌ಗೂ ಹಣ. 2024ರಲ್ಲಿ ಸುಮಾರು 4.17 ಕೋಟಿ ಜನ ಬಂದಿದ್ದರು, 2025ರಲ್ಲಿ ಇಳಿಯಿತು. ಇಳಿದದ್ದಕ್ಕೆ ಬೇರೆ ಕಾರಣಗಳೂ ಇವೆ, ಕೆನಡಾದವರು ಬರುವುದು ಕಡಿಮೆಯಾದದ್ದು ಒಂದು. ಆದರೆ ನಾನು ಮಾತನಾಡಿಸಿದ ಪ್ರತಿಯೊಬ್ಬರೂ ಹೇಳಿದ್ದು ಒಂದೇ: ಸೋತು ಹಣ ಹೋದರೆ ಬೇಸರವಿಲ್ಲ, ನೀರಿನ ಬಾಟಲಿಗೆ ಸುಲಿದರೆ ಸಿಟ್ಟು ಬರುತ್ತದೆ.

ಚಾಮರಾಜಪೇಟೆಯವರ ಐಸ್‌ಕ್ರೀಂ ಕೋನ್ ಓದಿದಾಗ ನನಗೆ ಇದೇ ನೆನಪಾಯಿತು. ಬ್ರಿಗೇಡ್ ರಸ್ತೆಯಲ್ಲಿ ಈಗ ಏನನ್ನೂ ಕೊಳ್ಳದೆ ಎರಡು ಗಂಟೆ ಎಲ್ಲಿ ಕುಳಿತುಕೊಳ್ಳಬಹುದು ಹೇಳಿ. ಒಂದು ಕಲ್ಲು ಬೆಂಚು ತೋರಿಸಿ.

ಮೂರನೇ_ಸೆಮಿಸ್ಟರ್
ನಾನು ತೋರಿಸುತ್ತೇನೆ ಸರ್. ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣದ ಕೆಳಗಿನ ‘ರಂಗೋಲಿ’ ಕಲಾಕೇಂದ್ರ. ಅಲ್ಲಿನ ನಡಿಗೆ ದಾರಿಯಲ್ಲಿ ಮರದ ಕೆಳಗೆ ಕುಳಿತು ನಾವು ಗೆಳತಿಯರು ಪರೀಕ್ಷೆಗೆ ಓದಿದ್ದೇವೆ. ನಮ್ಮ ಗುಂಪಿನಲ್ಲಿ ಯಾರೂ ಕುಡಿಯುವುದಿಲ್ಲ. ಶನಿವಾರ ಚರ್ಚ್ ಸ್ಟ್ರೀಟ್‌ನಲ್ಲಿ ಯಾರೋ ಗಿಟಾರ್ ನುಡಿಸುತ್ತಾರೆ, ಒಬ್ಬರು ಐದು ನಿಮಿಷದಲ್ಲಿ ಚಿತ್ರ ಬರೆದುಕೊಡುತ್ತಾರೆ, ಸುತ್ತ ಜನ ನಿಂತು ಹಾಡುತ್ತಾರೆ. ಕಳೆದ ತಿಂಗಳು ಒಬ್ಬ ಹುಡುಗ ಕನ್ನಡ ಹಾಡು ಶುರು ಮಾಡಿದ. ಎರಡನೆಯ ಸಾಲಿಗೆ ಐವತ್ತು ಜನ ದನಿಗೂಡಿಸಿದರು. ನನಗೆ ರೋಮಾಂಚನವಾಯಿತು. ನಾನು ಹುಟ್ಟಿದ್ದು ಹಾಸನದಲ್ಲಿ. ಈ ನಗರ ನನ್ನದು ಅನ್ನಿಸಿದ್ದು ಆ ಸಂಜೆ.

ಖರ್ಚು ಎಂದರೆ ಮೆಟ್ರೊ ಮಾತ್ರ. 2025ರ ಫೆಬ್ರುವರಿಯಲ್ಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದರು. ಅದರ ನಂತರ ನಾವು ವಾರಕ್ಕೊಮ್ಮೆ ಬರುತ್ತಿದ್ದವರು ಹದಿನೈದು ದಿನಕ್ಕೊಮ್ಮೆ ಬರುತ್ತೇವೆ.

ಹಲಸೂರಿನವಳು
ತಂಗಿ ಹೇಳಿದ್ದು ಸಂಜೆಯ ಮಾತು. ರಾತ್ರಿಯ ಮಾತು ನಾನು ಹೇಳುತ್ತೇನೆ.

ನನ್ನ ಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. 2016ರ ಡಿಸೆಂಬರ್ 31ರ ರಾತ್ರಿ ಆ ಬೀದಿಗಳಲ್ಲಿ ಹೆಣ್ಣುಮಕ್ಕಳಿಗೆ ಏನಾಯಿತೆಂದು ದೇಶವೆಲ್ಲ ಮಾತನಾಡಿತು. ಆಮೇಲೆ ಪೊಲೀಸರು ಹೆಚ್ಚಾದರು, ಕ್ಯಾಮೆರಾ ಬಂದವು, ಮಹಿಳೆಯರಿಗೆಂದು ಪ್ರತ್ಯೇಕ ಸುರಕ್ಷಿತ ತಾಣಗಳನ್ನೂ ಮಾಡಿದರು. ಒಳ್ಳೆಯದೇ. ಆದರೆ ನನಗೆ ವರ್ಷದ ಆ ಒಂದು ರಾತ್ರಿ ಬೇಡ. ಸಾಮಾನ್ಯ ಮಂಗಳವಾರ ಹತ್ತೂವರೆಗೆ ಮುಖ್ಯ ರಸ್ತೆಯಿಂದ ಒಳದಾರಿಗೆ ತಿರುಗಿದೊಡನೆ ಕತ್ತಲೆ. ಅಂಗಡಿಗಳ ದೀಪವೇ ಬೀದಿ ದೀಪ ಆಗಿತ್ತು, ಅಂಗಡಿ ಮುಚ್ಚಿದರೆ ಬೆಳಕೂ ಹೋಯಿತು. ಅಲ್ಲಿಂದ ಮುಂದೆ ಬೀಗದ ಕೈಯನ್ನು ಬೆರಳ ಸಂದಿಯಲ್ಲಿ ಹಿಡಿದು ನಡೆಯುತ್ತೇನೆ.

ಹೊತ್ತು ಹೆಚ್ಚಿಸಿದರೆ ಸಾಲದು. ಹೆಂಗಸರು ನಡೆಯುವ ಬೀದಿಗೆ ಜನ ತಾವಾಗಿ ಬರುತ್ತಾರೆ. ಬೇಕಾದದ್ದು ಬೆಳಕು, ಸಮನಾದ ಕಾಲುದಾರಿ, ಬಾಗಿಲು ಸರಿಯಿರುವ ಒಂದು ಶೌಚಾಲಯ. ಇಷ್ಟನ್ನು ಕೇಳಿ ಕೇಳಿ ಸಾಕಾಗಿದೆ.

ಶಾಂತಿನಗರ_ನಿವಾಸಿ
ಹಲಸೂರಿನ ಅಕ್ಕ, ನಾನು ಮೊದಲು ಹೊಸ ವರ್ಷದ ಮಾತು ಹಗುರವಾಗಿ ಆಡಿದೆ. ಹಾಗೆ ಹೇಳಬಾರದಿತ್ತು.

ಪುಸ್ತಕದ_ಹುಳ
2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಚರ್ಚ್ ಸ್ಟ್ರೀಟ್‌ಗೆ ವಾಹನ ನಿಷೇಧಿಸಿದ್ದರು, ನೆನಪಿದೆಯೇ? ಮಕ್ಕಳು ರಸ್ತೆಯ ನಡುವೆ ಓಡುತ್ತಿದ್ದರು. ಅದನ್ನು ಶಾಶ್ವತ ಮಾಡಲಿಲ್ಲ.

ಗಾಜಿನ_ಕಿಟಕಿ
ಆಗ ನಮ್ಮ ಬೀದಿಯ ಮೇಲೆ ವಾಹನಗಳ ಹೊರೆ ಬಿತ್ತು. ಗಿರಾಕಿ ಕಾರು ನಿಲ್ಲಿಸಲು ಜಾಗ ಸಿಗದೆ ಹಾಗೇ ಹೋಗಿಬಿಡುತ್ತಿದ್ದ.

ಪುಸ್ತಕದ_ಹುಳ
ಕಾರಿನಲ್ಲಿ ಬರುವ ಒಬ್ಬರಿಗಿಂತ ನಡೆದು ಬರುವ ಹತ್ತು ಜನ ನಿಮ್ಮ ಕಿಟಕಿ ನೋಡುತ್ತಾರೆ ಸರ್. ನಿಮ್ಮ ತಂದೆಯವರ ವ್ಯಾಪಾರ ನಡೆದದ್ದೂ ಕಾಲ್ನಡಿಗೆಯವರಿಂದಲೇ ಎಂದು ನೀವೇ ಬರೆದಿರಿ.

ಗಾಜಿನ_ಕಿಟಕಿ
ಅದು ನಿಜ. ಆದರೆ ಅವರು ಸಿನಿಮಾಕ್ಕೆ ಬಂದಿದ್ದರು. ಈಗ ಅವರನ್ನು ಕರೆಯುವುದು ಯಾವುದು?

ಚಾಮರಾಜಪೇಟೆಯವನು
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಮೂರನೇ ಸೆಮಿಸ್ಟರ್ ಬರೆದದ್ದನ್ನು ಎರಡು ಸಲ ಓದಿಸಿಕೊಂಡಳು. ಇಂದಿರಾನಗರ ಏಕೆ ಇಷ್ಟ ಎಂದು ಕೇಳಿದೆ. “ಅಲ್ಲಿ ನನ್ನ ಗೆಳತಿಯರು ಇರುತ್ತಾರೆ, ಅಷ್ಟೇ” ಎಂದಳು. ನನಗೆ ಅಲ್ಲಿಯವರೆಗೆ ಇದು ಹೊಳೆದಿರಲಿಲ್ಲ. 1989ರಲ್ಲಿ ನನ್ನ ಜೊತೆ ಅಣ್ಣ ಇದ್ದ. ಅವನು ಹೋಗಿ ಮೂರು ವರ್ಷವಾಯಿತು.

ರಾತ್ರಿಪಾಳಿಯವರೇ, ಒಂದು ಪ್ರಶ್ನೆ. ಒಂದು ಗಂಟೆಗೆ ಮುಚ್ಚಿದ ಮೇಲೆ ನೀವೆಲ್ಲ ಮನೆಗೆ ಹೇಗೆ ಹೋಗುತ್ತೀರಿ?

ರಾತ್ರಿಪಾಳಿ
ಬೈಕ್ ಇರುವವರು ಹೋಗುತ್ತಾರೆ. ಉಳಿದವರು ಲೆಕ್ಕ ಮುಗಿಸಿ, ಗ್ಲಾಸು ತೊಳೆದು, ಶಟರ್ ಅರ್ಧ ಎಳೆದು ಒಳಗೇ ಮಲಗುತ್ತೇವೆ. ನಾಲ್ಕು ಕುರ್ಚಿ ಜೋಡಿಸಿದರೆ ಒಬ್ಬರ ಹಾಸಿಗೆ. ವಾರದ ದಿನಗಳಲ್ಲಿ ಐದು ಗಂಟೆಗೆ ಮೆಟ್ರೊ ಸಿಗುತ್ತದೆ. ಭಾನುವಾರ ಮೊದಲ ರೈಲು ಏಳಕ್ಕೆ, ಆದ್ದರಿಂದ ಶನಿವಾರದ ಪಾಳಿಯವರಿಗೆ ಎರಡು ಗಂಟೆ ಹೆಚ್ಚು ನಿದ್ದೆ. ಆ ಹೊತ್ತಿನಲ್ಲಿ ಹೊರಗೆ ಬಂದರೆ ರಸ್ತೆ ಗುಡಿಸುವ ಪೌರಕಾರ್ಮಿಕರು ಮತ್ತು ನಾವು ಮಾತ್ರ. ನಿಲ್ದಾಣದ ಬಳಿ ಒಬ್ಬರು ಸೈಕಲ್ ಮೇಲೆ ಚಹಾ ತರುತ್ತಾರೆ.

ಸರ್, ವಾರಾಂತ್ಯ ಬಿಟ್ಟು ಒಂದು ಬುಧವಾರ ಬನ್ನಿ. ಆಗ ನಡೆಯಲು ಜಾಗ ಇರುತ್ತದೆ.

ಚಾಮರಾಜಪೇಟೆಯವನು
ಈ ಬುಧವಾರ ಬರುತ್ತೇವೆ. ಆರು ಗಂಟೆಗೆ ಕಾಫಿ ಹೌಸ್ ಮುಂದೆ ಇರುತ್ತೇವೆ. ಮಗಳು ಇಬ್ಬರು ಗೆಳತಿಯರನ್ನೂ ಕರೆಯುತ್ತಿದ್ದಾಳೆ. ಗಾಜಿನ ಕಿಟಕಿಯವರೇ, ನಿಮ್ಮ ಅಂಗಡಿಯ ದೀಪ ಹಚ್ಚಿರಲಿ.

ಗಾಜಿನ_ಕಿಟಕಿ
ಐದೂ ಐವತ್ತೈದಕ್ಕೇ ಹಚ್ಚುತ್ತೇನೆ.